ಬಂದರಿನಲ್ಲಿ ಸಿಕ್ಕಿಬಿದ್ದ ಹೆಸರು

ಬಂದರು ಊರು

ಆ ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮಗಳು ಗಿರಿಜಾಳ ಕಟ್ಟಪ್ಪಣೆ. ಅವಳು ಅಲ್ಲಿನ ಬಂದರಿನ ಕಾಗದಪತ್ರಗಳ ಆಫೀಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. "ಅವ್ವಾ, ನೀ ಏನರ ಬರಿ, ನಮ್ಮ ಊರಿನ ಹೆಸರು ಮಾತ್ರ ಬರೀಬ್ಯಾಡ. ಈಗಾಗಲೇ ಭಾಳ ಮಂದಿಗೆ ನಮ್ಮ ವಿಳಾಸ ಗೊತ್ತಾಗೇತಿ," ಎಂದಿದ್ದಾಳೆ. ಆದ್ದರಿಂದ ಅರಬ್ಬಿ ಸಮುದ್ರದ ಆಚೆ ದಂಡೆಯ ಒಂದು ಊರು ಎಂದಿಟ್ಟುಕೊಳ್ಳಿ. ಹಿಂದೆ ಬೋಳು ಗುಡ್ಡ, ಮುಂದೆ ನೀಲಿ ನೀರು, ನಡುವೆ ಜಿರಾಫೆಗಳ ಹಾಗೆ ಕತ್ತೆತ್ತಿ ನಿಂತ ಕ್ರೇನುಗಳು.

ಆ ದೇಶ ಯಾರ ಜಗಳಕ್ಕೂ ಹೋಗುವುದಿಲ್ಲ. ಅಕ್ಕಪಕ್ಕದವರು ಕಚ್ಚಾಡಿದಾಗ ಇಬ್ಬರನ್ನೂ ಕರೆದು, ಗಾದಿಯ ಮೇಲೆ ಕೂರಿಸಿ, ಏಲಕ್ಕಿ ಹಾಕಿದ ಕಾಫಿ ಮತ್ತು ಖರ್ಜೂರ ಕೊಟ್ಟು ರಾಜಿ ಮಾಡಿಸುವ ದೇಶ. ಬೆಳಗಾವಿಯ ನಮ್ಮ ಓಣಿಯಲ್ಲಿ ಇಂಥದೊಂದು ಮನೆ ಇತ್ತು. ಓಣಿಯ ಎರಡೂ ಪಾರ್ಟಿಯವರ ಚಪ್ಪಲಿಗಳು ಅವರ ಬಾಗಿಲಲ್ಲೇ ಬಿದ್ದಿರುತ್ತಿದ್ದವು. ಕೊನೆಗೊಂದು ದಿನ ಜಗಳ ಜೋರಾದಾಗ ಎರಡೂ ಕಡೆಯ ಕಲ್ಲು ಬಿದ್ದದ್ದು ಅವರ ಹೆಂಚಿನ ಮೇಲೆಯೇ. ಬಂದರು ಊರಿಗೆ ಕಾಲಿಟ್ಟಾಗ ಆ ಮನೆ ಯಾಕೆ ನೆನಪಾಯಿತೋ ಗೊತ್ತಿಲ್ಲ.

ನಾನು ಅಲ್ಲಿಗೆ ಹೋದದ್ದು ಎಂಟು ದಿನದ ಮಟ್ಟಿಗೆ, ಗಿರಿಜಾಳನ್ನು ಜೊತೆಗೆ ಕರೆದುಕೊಂಡು ಬರ್ಮಿಂಗ್‌ಹ್ಯಾಮಿಗೆ ಹೋಗಲು. ಬರ್ಮಿಂಗ್‌ಹ್ಯಾಮಿನಲ್ಲಿ ಡಾಕ್ಟರಾಗಿರುವ ನನ್ನ ಮಗ ಶರಣನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆಣ್ಣು ಮಗು ಹುಟ್ಟಿತ್ತು. ನಮ್ಮ ಕಡೆ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಬೇಕು. ಹೇಳಿದ ತಕ್ಷಣ ಸುತ್ತ ನಿಂತ ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಆಗ್ನೆಸ್ ಒಮ್ಮೆ ನನ್ನನ್ನು ಕೇಳಿದ್ದರು. ಅವತ್ತೂ ಉತ್ತರ ಗೊತ್ತಿರಲಿಲ್ಲ, ಇವತ್ತೂ ಇಲ್ಲ. ನಮ್ಮ ಮನೆತನದಲ್ಲಿ ಮತ್ತೊಂದು ಹೆಚ್ಚಿನ ಪದ್ಧತಿಯಿದೆ. ಹೆಸರು ಆರಿಸುವವಳೂ ಸೋದರತ್ತೆಯೇ. ಮಗುವಿನ ಕಿವಿಗೆ ಬೀಳುವ ತನಕ ಅದು ಬೇರೆ ಯಾರ ಕಿವಿಗೂ ಬೀಳಕೂಡದು, ಹೆತ್ತವರ ಕಿವಿಗೂ.

ಗಿರಿಜಾ ಮದುವೆ ಮಾಡಿಕೊಂಡಿಲ್ಲ. ಕೇಳಿದರೆ, "ಹಡಗಿನ ಜೋಡಿ ಆಗೇತಲ್ಲ," ಎನ್ನುತ್ತಾಳೆ. ಶರಣನ ಮದುವೆಯ ಮಂಟಪದಲ್ಲೇ ಅವಳು ಒಂದು ಹೆಸರು ಆರಿಸಿಟ್ಟುಕೊಂಡಿದ್ದಳು. ಒಂಬತ್ತು ವರ್ಷ ಅದನ್ನು ಬಾಯಲ್ಲಿಟ್ಟುಕೊಂಡು ಕೂತವಳು.

ನಾನು ಅಲ್ಲಿದ್ದ ವಾರದಲ್ಲೇ ಸುತ್ತಲಿನ ದೇಶಗಳ ಜಗಳ ಬಿಸಿಯಾಯಿತು. ಬೇರೆ ಬಂದರುಗಳಿಗೆ ಹೋಗಲು ಹೆದರಿದ ಹಡಗುಗಳೆಲ್ಲ, ಇದು ನ್ಯೂಟ್ರಲ್ ಊರು ಎಂದು ಇಲ್ಲಿಗೇ ತಿರುಗಿದವು. ಬಾಲ್ಕನಿಯಿಂದ ನೋಡಿದರೆ ಸಮುದ್ರದ ಮೇಲೆ ಸಂತೆ ನೆರೆದಂತೆ. ಒಂದು ಮಧ್ಯಾಹ್ನ ಗಿರಿಜಾಳ ಆಫೀಸಿಗೆ ಊಟದ ಡಬ್ಬಿ ತೆಗೆದುಕೊಂಡು ಹೋದೆ. ಅವಳ ಮೇಜಿನ ಮುಂದೆ ಇಬ್ಬರು ಕ್ಯಾಪ್ಟನ್ನರು ಕೂತಿದ್ದರು. ಒಬ್ಬರಿಗೆ ಬಿಳಿ ಗಡ್ಡ, ಒಬ್ಬರಿಗೆ ಬೋಳು ತಲೆ. ಜಗಳವಾಡುವ ಎರಡು ದೇಶಗಳಲ್ಲಿ ಒಂದೊಂದು ಅವರದು. ನಡುವಿನ ಒಂದೇ ಕುರ್ಚಿ ಖಾಲಿಯಿತ್ತು. ಕೂತೆ. ಬ್ಯಾಗಿನಲ್ಲಿ ಬೆಳಗಾವಿ ಕುಂದಾ ಇತ್ತು, ಇಬ್ಬರಿಗೂ ಕೊಟ್ಟೆ. ಗಡ್ಡದವರ ತುಂಡು ದೊಡ್ಡದೆಂದು ಬೋಳು ತಲೆಯವರು ಕಣ್ಣಲ್ಲೇ ಅಳೆದರು. ನನ್ನಿಂದ ಯುದ್ಧವಾಗುವುದು ಬೇಡವೆಂದು ಅವರಿಗೆ ಇನ್ನೊಂದು ತುಂಡು ಕೊಟ್ಟೆ. ಆಗ ಗಡ್ಡದವರು ನನ್ನನ್ನು ನೋಡಿದರು. ಹೀಗೆ ಅರ್ಧ ಕಿಲೋ ಕುಂದಾ ಖಾಲಿಯಾಯಿತು.

ಹೊರಡುವ ಮುನ್ನಾ ದಿನ ಆಫೀಸಿನಲ್ಲಿ ಎಲ್ಲರ ರಜೆಯೂ ರದ್ದಾಯಿತು. ಅಷ್ಟು ಹಡಗುಗಳ ಕಾಗದ ನೋಡುವವರು ಬೇಕಲ್ಲ.

"ನೀ ಮುಂದ ಹೋಗು. ನಾ ವಾರದಾಗ ಬಂದೇ ಬರ್ತೇನಿ," ಎಂದಳು ಗಿರಿಜಾ, ಏರ್‌ಪೋರ್ಟಿನಲ್ಲಿ.

"ಹೆಸರರ ಹೇಳಿ ಕಳಸು. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ."

"ನೀನಾ? ನೀ ವಿಮಾನ ಇಳಿಯೂದ್ರಾಗ ಪೈಲಟ್‌ಗೂ ಗೊತ್ತಾಗಿರತೈತಿ!"

ಅವಳು ಹೇಳಿದ್ದು ಸುಳ್ಳಲ್ಲ. ಪಕ್ಕದ ಸೀಟಿನವರಿಗೆ ನನ್ನ ಗಾಲ್‌ಬ್ಲ್ಯಾಡರಿನ ಪೂರ್ತಿ ಚರಿತ್ರೆ ಹೇಳಿಯೇ ನಾನು ವಿಮಾನದಿಂದ ಇಳಿದದ್ದು.

ಹಾರ್ಬೋರ್ನ್

ಶರಣ ಮತ್ತು ಅವನ ಹೆಂಡತಿ ಮಾಯಾ ಇರುವುದು ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನಲ್ಲಿ. ಬೀದಿಯ ಅರ್ಧ ಜನ ದೊಡ್ಡಾಸ್ಪತ್ರೆಯವರು. ಯಾರಿಗೆ ನಮಸ್ಕಾರ ಮಾಡಿದರೂ ಒಬ್ಬ ಸ್ಪೆಷಲಿಸ್ಟ್. ಮಾಯಾ ಮೈಸೂರಿನವರ ಮಗಳು, ಆದರೆ ಹುಟ್ಟಿ ಬೆಳೆದದ್ದು ಹಡರ್ಸ್‌ಫೀಲ್ಡ್‌ನಲ್ಲಿ. ನಾನು ಕನ್ನಡದಲ್ಲಿ ಏನು ಹೇಳಿದರೂ ಅವಳಿಗೆ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ನಮ್ಮಿಬ್ಬರ ಮಾತು ಕೇಳಿದವರಿಗೆ ಎರಡು ರೇಡಿಯೊ ಒಟ್ಟಿಗೆ ಹಚ್ಚಿದ ಹಾಗಿರಬೇಕು.

ಮಗು ಹದಿಮೂರು ದಿನದ್ದು. ಹಣೆ ನಮ್ಮ ಯಜಮಾನರದು. ಅವರು ಹೋಗಿ ಆರು ವರ್ಷವಾದ ಮೇಲೆ ಆ ಹಣೆ ಹೀಗೆ, ಹಾಲು ಕುಡಿಯುತ್ತ, ಎದುರಿಗೆ ಸಿಗುತ್ತದೆ ಎಂದು ಎಣಿಸಿರಲಿಲ್ಲ.

ಪಕ್ಕದ ಮನೆಯ ಪ್ಯಾಟ್ ಬೇಲಿಯ ಮೇಲಿನಿಂದ ಇಣುಕಿ, "ವಾಟ್ ಆರ್ ವೀ ಕಾಲಿಂಗ್ ಹರ್, ಬ್ಯಾಬ್?" ಎಂದಳು. ಇಲ್ಲಿ ಎಲ್ಲರನ್ನೂ ಪ್ರೀತಿಯಿಂದ ಬ್ಯಾಬ್ ಎನ್ನುತ್ತಾರೆ, ಎಪ್ಪತ್ನಾಲ್ಕರ ನನ್ನನ್ನೂ. ಕಾನ್ವೆಂಟಿನ ಎಲೊಕ್ಯೂಷನ್ ಕ್ಲಾಸಿನಲ್ಲಿ ಹೇಳಿಕೊಟ್ಟ ಹಾಗೆ ನೆಟ್ಟಗೆ ನಿಂತು, "ದ ನೇಮ್ ಈಸ್ ಅವೇಟೆಡ್ ಫ್ರಮ್ ಓವರ್‌ಸೀಸ್, ಮ್ಯಾಡಮ್," ಎಂದೆ. ಆರ್ಡರ್ ಮಾಡಿದ ಸೋಫಾ ಬರುವುದಿದೆ ಎಂಬಂತೆ ಪ್ಯಾಟ್ ತಲೆಯಾಡಿಸಿದಳು. ಅವಳು ಹಿಂದಿನ ವಾರ ಒಂದು ನಾಯಿಮರಿ ತಂದಿದ್ದಳು. ಮನೆಗೆ ಬರುವ ಮೊದಲೇ ಅದಕ್ಕೆ ಕೆವಿನ್ ಎಂದು ಹೆಸರಿಟ್ಟಾಗಿತ್ತು. ನಮ್ಮ ಮಗುವಿಗೆ ಬರುವ ಆಸ್ಪತ್ರೆಯ ಪತ್ರಗಳ ಮೇಲೆಲ್ಲ 'ಬೇಬಿ ಹಿರೇಮಠ' ಎಂದಿರುತ್ತಿತ್ತು. ಬೇಲಿಯ ಆಚೆ ಕೆವಿನ್ ಬೊಗಳಿದಾಗೆಲ್ಲ ನನಗೆ ಒಳಗೊಳಗೇ ಅವಮಾನ.

ನಾನು ಹೋದ ಮೂರನೆಯ ಬೆಳಿಗ್ಗೆ ಟೀವಿಯಲ್ಲಿ ಗಿರಿಜಾಳ ಬಂದರು ಕಾಣಿಸಿತು. ಆ ಜಿರಾಫೆಗಳನ್ನು ಗುರುತು ಹಿಡಿದೆ. ಅವುಗಳ ಹಿಂದೆ ಕಪ್ಪು ಹೊಗೆ. ಎಲ್ಲಿಂದಲೋ ಡ್ರೋನ್ ಬಂದು ಎಣ್ಣೆಯ ಟ್ಯಾಂಕಿಗೆ ಬಿದ್ದಿತ್ತು. ಜಗಳವಾಡುವ ಇಬ್ಬರೂ ನಾವಲ್ಲ ಎಂದಿದ್ದರು. ಮಗು ನನ್ನ ತೊಡೆಯ ಮೇಲಿತ್ತು. ಫೋನು ಹಚ್ಚಿದೆ, ಹತ್ತಲಿಲ್ಲ. ಮತ್ತೆ ಹಚ್ಚಿದೆ. ಶರಣ ಆಸ್ಪತ್ರೆಯಿಂದ ಹಚ್ಚಿದ, ಮಾಯಾ ಅಡುಗೆಮನೆಯಿಂದ ಹಚ್ಚಿದಳು. ಐದು ಗಂಟೆ ಕಾಲ ಮೂವರೂ ಒಂದೇ ನಂಬರಿಗೆ ಹಚ್ಚುತ್ತಿದ್ದುದರಿಂದ ಯಾರಿಗೂ ಲೈನ್ ಸಿಗಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಕೊನೆಗೆ ಅವಳೇ ಮಾಡಿದಳು. "ಅವ್ವಾ, ನಾ ಛಲೋ ಅದೇನಿ. ಮೇಜಿನ ಕೆಳಗ ಕುಂತಿದ್ವಿ. ಕ್ಯಾಪ್ಟನ್ ಇಬ್ಬರೂ ಅದೇ ಮೇಜಿನ ಕೆಳಗ ಬಂದ್ರು, ಜಾಗಾನೇ ಸಾಲಲಿಲ್ಲ. ಗಡ್ಡದಾಂವ ನಿನ್ನ ಕುಂದಾ ಇನ್ನೂ ಐತೇನಂತ ಕೇಳಿದಾ."

ನಾನು ನಕ್ಕೆ. ಫೋನಿಟ್ಟ ಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ. ಈ ದೇಶದಲ್ಲಿ ಬಿಸಿನೀರಿಗೆ ಒಂದು ನಲ್ಲಿ, ತಣ್ಣೀರಿಗೆ ಇನ್ನೊಂದು. ಯಾವುದರಲ್ಲಿ ಮುಖ ತೊಳೆದರೂ ಹಾಯೆನಿಸುವುದಿಲ್ಲ.

ಆ ಏರ್‌ಪೋರ್ಟು ಮುಚ್ಚಿತು. ತೆರೆಯಿತು, ಗಿರಿಜಾ ಟಿಕೆಟ್ ತೆಗೆದಳು, ಮುಚ್ಚಿತು. ಹೀಗೆ ಮೂರು ಸಲ. ಇತ್ತ ಶರಣ ಒಂದು ಹೊಸ ತಲೆನೋವು ತಂದ. ಈ ದೇಶದಲ್ಲಿ ಮಗು ಹುಟ್ಟಿದ ನಲವತ್ತೆರಡು ದಿನದೊಳಗೆ ರಿಜಿಸ್ಟರ್ ಮಾಡಿಸಲೇಬೇಕಂತೆ.

"ಅಕ್ಕಗ ಹೇಳು ಅವ್ವಾ, ಫೋನಿನಾಗ ಹೆಸರು ಹೇಳಿಬಿಡ್ಲಿ," ಎಂದ.

ಹೇಳಿದೆ. "ಫೋನಿನಾಗ ಹೇಳಿದ್ರ, ನಾ ಬರೂದಿಲ್ಲಂತ ಒಪ್ಕೊಂಡಂಗ ಆಗತೈತಿ ಅವ್ವಾ," ಎಂದಳು ಗಿರಿಜಾ.

ಆ ಮಾತು ನನ್ನ ಎದೆಗೆ ಅಂಟಿಕೊಂಡಿತು. ಹೆಸರು ಅವಳ ಬಾಯಲ್ಲಿ ಇರುವ ತನಕ ಅವಳು ಬರಲೇಬೇಕು. ಅವಳನ್ನು ಎಳೆಯುವ ಹಗ್ಗ ಅದೊಂದೇ. ಅವತ್ತಿನಿಂದ ಯಾರು ಏನೇ ಅಂದರೂ ನಾನು, "ಅಕಿ ಬರ್ತಾಳ, ಬಂದು ಹೇಳ್ತಾಳ," ಎನ್ನುವ ಪಾರ್ಟಿ.

ಬೀಸ್ಟನ್

ಇಂಗ್ಲೆಂಡಿನ ಈ ಭಾಗದ ಕನ್ನಡಿಗರಿಗೆಲ್ಲ ಸೇರಿ ಒಂದು ತೊಟ್ಟಿಲಿದೆ. ಬಹಳ ವರ್ಷಗಳ ಹಿಂದೆ ಯಾರೋ ಡಾಕ್ಟರು ಊರಿನಿಂದ ತಂದ ಕಲಘಟಗಿ ತೊಟ್ಟಿಲು. ಕೆಂಪು ಹಳದಿ ಅರಗಿನ ಬಣ್ಣ, ಸುತ್ತ ಗಿಳಿಗಳು, ತೂಗಲು ಹಿತ್ತಾಳೆ ಸರಪಳಿ. ಅದು ಮನೆಯಿಂದ ಮನೆಗೆ ರೋಟಾದ, ಅಂದರೆ ಸರದಿ ಪಟ್ಟಿಯ, ಪ್ರಕಾರ ತಿರುಗುತ್ತದೆ. ರೋಟಾ ನೋಡಿಕೊಳ್ಳುವವರು ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್‌ನಲ್ಲಿರುವ ರುದ್ರಪ್ಪ ಕಾಕಾ, ನಿವೃತ್ತ ಇಂಜಿನಿಯರು. ಯಾರಾದರೂ ಬಸುರಿಯೆಂದು ಅವರಿಗೆ ತಿಳಿಯುವುದು ಎಷ್ಟೋ ಸಲ ಗಂಡನಿಗಿಂತ ಮೊದಲು. ಸ್ಲಾಟ್ ಬೇಕಲ್ಲ.

ನಮ್ಮ ಸ್ಲಾಟು ಒಂದು ವಾರದ್ದು. ಗಿರಿಜಾ ಬಂದೇ ಬರುತ್ತಾಳೆಂದು ಶರಣ ಅದನ್ನು ಬಿಡಲಿಲ್ಲ. ಇಬ್ಬರೂ ಕಾರಿನಲ್ಲಿ ಹೋದೆವು. ದಾರಿಯಲ್ಲಿ ಬಾಳೆಹಣ್ಣು ಕೊಳ್ಳಲು ಇಳಿದಾಗ ಅಂಗಡಿಯವಳು ನನ್ನನ್ನು "ಮೀ ಡಕ್" ಎಂದಳು. ಬರ್ಮಿಂಗ್‌ಹ್ಯಾಮಿನಲ್ಲಿ ಬ್ಯಾಬ್, ಇಲ್ಲಿ ಬಾತುಕೋಳಿ. ಒಂದು ಗಂಟೆಯ ದಾರಿಯಲ್ಲಿ ಇಷ್ಟು ಪ್ರಮೋಷನ್ ನನಗೆ ಸರ್ವೀಸಿನಲ್ಲಿ ಯಾವತ್ತೂ ಸಿಕ್ಕಿರಲಿಲ್ಲ.

ರುದ್ರಪ್ಪ ಕಾಕಾ ಗರಾಜಿನಲ್ಲಿ ತೊಟ್ಟಿಲನ್ನು ಬಿಚ್ಚಿ, ಪ್ರತಿಯೊಂದು ತುಂಡಿಗೂ ನಂಬರು ಬರೆದು ಇಟ್ಟಿದ್ದರು. ಕೈಗೊಂದು ಫಾರ್ಮ್ ಕೊಟ್ಟರು.

"ಗಿಳಿ ಎಷ್ಟದಾವ ಎಣಿಸಿ ಸಹಿ ಮಾಡ್ರಿ ಅಕ್ಕಾರ. ಹೋದ ಸಲ ಕವೆಂಟ್ರಿಯಾಗ ಒಂದು ಗಿಳಿ ಕಡಿಮಿ ಬಂತು."

"ಗಿಳಿ ಯಾರು ತಗೋತಾರ್ರೀ?"

"ಯಾರು ತಗೊಂಡ್ರಂತ ಗೊತ್ತಾದ್ರ ಫಾರ್ಮ್ ಯಾಕ ಮಾಡ್ತಿದ್ದೆ?"

ಹದಿನೇಳು ಗಿಳಿ ಎಣಿಸಿ ಸಹಿ ಮಾಡಿದೆ. ಕಾಕಾ ಕನ್ನಡಕದ ಮೇಲಿಂದ ನೋಡಿ, "ಸೋದರತ್ತಿ ಎಲ್ಲಿಂದ ಬರಬೇಕು?" ಎಂದರು. ಊರು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಟೀವಿ ನೋಡುವವರೇ. "ಇನ್ನೆರಡು ದಿವಸ ಜಾಸ್ತಿ ಇಟ್ಕೋರಿ. ಮುಂದಿನವರು ಹಡರ್ಸ್‌ಫೀಲ್ಡಿನವರು, ಪಾಪ, ಅವರ ಕೂಸು ಇನ್ನೂ ಹುಟ್ಟಿಲ್ಲ," ಎಂದರು. ಅಷ್ಟು ನಿಯಮದ ಮನುಷ್ಯ ಎರಡು ದಿನ ಬಿಟ್ಟುಕೊಟ್ಟದ್ದು ನೋಡಿ ನನಗೆ ಹೆದರಿಕೆ ಹೆಚ್ಚಾಯಿತು.

ತೊಟ್ಟಿಲಿನ ಕಂಬಗಳು ಕಾರಿನೊಳಗೆ ಹಿಡಿಸಲಿಲ್ಲ. ಮಾಡಿನ ಮೇಲೆ ಕಟ್ಟಿ ತಂದೆವು. ಹೆದ್ದಾರಿಯ ಬದಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಬ್ಬ ಲಾರಿ ಡ್ರೈವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಲ್ಲೆಸೆಯುವ ಯಂತ್ರವೇ ಎಂದು ಕೇಳಿದ. ಮಗು ಮಲಗಿಸುವುದಕ್ಕೆ ಎಂದೆ. ಅವನು ಸರಪಳಿಗಳನ್ನೂ ನನ್ನನ್ನೂ ಒಮ್ಮೆ ನೋಡಿ, "ರೈಟ್ ಯು ಆರ್," ಎಂದು ಹಿಂದೆ ಸರಿದ.

ಒಂಬತ್ತು ದಿನ ತೊಟ್ಟಿಲು ಹಾಲಿನಲ್ಲಿ ನಿಂತಿತ್ತು. ಮಗುವನ್ನು ಅದರಲ್ಲಿ ಹಾಕುವಂತಿಲ್ಲ, ಶಾಸ್ತ್ರವಾಗಿಲ್ಲ. ಮಾಯಾ ಅದರ ಮೇಲೆ ಒಗೆದ ಬಟ್ಟೆ ಹರವಿದಳು. ನಾನು ನೋಡಿಯೂ ನೋಡದವಳಂತೆ ಇದ್ದೆ. ನಿದ್ದೆಗೆಟ್ಟ ಬಾಣಂತಿಯ ಜೊತೆ ಗಿಳಿಗಳ ವಿಷಯಕ್ಕೆ ಜಗಳವಾಡುವಷ್ಟು ಬುದ್ಧಿಗೇಡಿ ನಾನಲ್ಲ. ಹತ್ತನೆಯ ದಿನ ತೊಟ್ಟಿಲು ಮತ್ತೆ ಕಾರಿನ ಮೇಲೆ ಏರಿತು.

ಹಡರ್ಸ್‌ಫೀಲ್ಡ್

ಈ ಸಲ ಎಲ್ಲರೂ ಹೊರಟೆವು. ಮುಂದಿನ ಸ್ಲಾಟಿನವರ ಮನೆ ಮಾಯಾಳ ತಾಯಿ ವಸುಂಧರಾ ಅವರ ಮನೆಯಿಂದ ಎರಡು ಬೀದಿ ಆಚೆ. ದಾರಿಯಲ್ಲಿ 'ಲೀಡ್ಸ್' ಎಂದು ಬರೆದ ನೀಲಿ ಬೋರ್ಡು ಕಂಡಿತು. ಸಿಸ್ಟರ್ ಆಗ್ನೆಸ್ ಲೀಡ್ಸ್ ಕಡೆಯವರು. ತಮ್ಮ ಊರಿನಲ್ಲಿ ಬಟ್ಟೆ ಒಣಗುವುದೇ ಇಲ್ಲ ಗರ್ಲ್ಸ್ ಎಂದು, ಬೆಳಗಾವಿಯ ಬಿಸಿಲಿಗೆ ಮುಖವೊಡ್ಡಿ ಹೇಳುತ್ತಿದ್ದರು. ಅರವತ್ತು ವರ್ಷ ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ. ಈಗ ನೋಡಿದರೆ ಹಿತ್ತಲು ಹಿತ್ತಲಲ್ಲೂ ಒದ್ದೆ ಬಟ್ಟೆ, ಅದರ ಮೇಲೆ ಸಣ್ಣ ಜಿಟಿಜಿಟಿ ಮಳೆ. ಪಾಪ, ಅವರು ಬರೀ ವರದಿ ಒಪ್ಪಿಸಿದ್ದರು.

ತೊಟ್ಟಿಲನ್ನು ಒಪ್ಪಿಸಿ (ಗಿಳಿ ಹದಿನೇಳೇ, ಸಹಿ ಆಯಿತು) ವಸುಂಧರಾ ಅವರ ಮನೆಗೆ ಊಟಕ್ಕೆ ಹೋದೆವು. ಬೀಗಿತ್ತಿ ಮೂವತ್ತು ವರ್ಷ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರು, ಆಗಿದ್ದವರು. ಈಗಲೂ ಊಟಕ್ಕೆ ಕರೆಯುವಾಗ ಮುಂದಿನ ಪೇಷಂಟನ್ನು ಕರೆದ ಹಾಗೆಯೇ. ಮೇಜಿನ ಮೇಲೆ ಬಿಸಿಬೇಳೆಭಾತಿನ ಪಕ್ಕದಲ್ಲಿ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ಇತ್ತು. ಮೂವತ್ತೊಂದು ಹೆಸರುಗಳು, ಅ ದಿಂದ ಹ ವರೆಗೆ.

"ಸುಮ್ನೆ ನೋಡಿ ಬೀಗ್ರೇ. ನೋಡಕ್ಕೇನು," ಎಂದರು.

"ನೋಡಿದ್ರೆ ಕಿವಿಗೆ ಬಿದ್ದ ಹಾಗೇ ಆಗುತ್ತಲ್ವೇ," ಎಂದೆ. ಅವರ ಎದುರು ನನ್ನ ಕನ್ನಡವೂ ತನ್ನಿಂತಾನೇ ಬೆಂಗಳೂರಿನದಾಗಿ ಬಿಡುತ್ತದೆ.

"ಏನ್ರೀ ಇದು? ಫೋನಲ್ಲಿ ಹೇಳಿದ್ರೆ ಹೆಸರು ಸವೆದು ಹೋಗತ್ತಾ? ಮೂವತ್ತೈದು ದಿನ ಆಯ್ತು. ನಮ್ಮ ಲೇಡೀಸ್ ಗ್ರೂಪ್‌ನಲ್ಲಿ ಎಲ್ರೂ ಕೇಳ್ತಾರೆ, ಮಗು ಹೆಸರೇನು, ಮಗು ಹೆಸರೇನು. ಬೇಬಿ ಅಂತ ಹೇಳಿಬಿಟ್ಟೆ. ನಮ್ಮ ಮೈಸೂರಲ್ಲಿ ಬೇಬಿ ಅಂತ ಹೆಸರಿರೋರು ಒಂದೊಂದು ಬೀದೀಲಿ ನಾಕ್ನಾಕು ಜನ ಇದ್ರು, ಚೆನ್ನಾಗೇ ಬಾಳಿದ್ರು!"

"ಮಮ್, ಪ್ಲೀಸ್," ಎಂದಳು ಮಾಯಾ.

"ನೀನು ಸುಮ್ನಿರು. ನಿಂಗೆ ಹೆಸರಿಡೋವಾಗ ನಾನು ಯಾವ ದೇಶದ ಏರ್‌ಪೋರ್ಟನ್ನೂ ಕಾಯ್ಲಿಲ್ಲ."

ನಾನು ಉತ್ತರ ಕೂಡಿಸಿಕೊಳ್ಳುತ್ತಿದ್ದೆ, ಖಾರವಾದದ್ದನ್ನೇ. ಅಷ್ಟರಲ್ಲಿ ಬೀಗಿತ್ತಿಯ ಫೋನು ಬಡಿದುಕೊಂಡಿತು. ಅವರು ನೋಡಿ, ತಟ್ಟನೆ ಎದ್ದು ಅಡುಗೆಮನೆಗೆ ಹೋದರು. ನಾನು ಉಪ್ಪು ತರುವ ನೆಪದಲ್ಲಿ ಹಿಂದೆ ಹೋದೆ. ಉಪ್ಪು ಮೇಜಿನ ಮೇಲೆಯೇ ಇತ್ತು, ಅದು ಬೇರೆ ಮಾತು.

"ಉಸಿರು ಒಳಗೆ ತಗೊಳಮ್ಮ ಗಿರಿಜಾ. ನಾಕು ಎಣಿಸು. ನಿಧಾನ. ರಾತ್ರಿ ಎಷ್ಟು ಹೊತ್ತು ಮಲಗ್ದೆ? ಎರಡೇ ಗಂಟೆನಾ? ... ಇಲ್ಲ, ನಿಮ್ಮಮ್ಮಂಗೆ ಹೇಳಿಲ್ಲ. ಹೇಳಲ್ಲ."

ತಿರುಗಿ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

ನನ್ನ ಮಗಳು ಡ್ರೋನ್ ಬಿದ್ದ ಮಾರನೆಯ ದಿನದಿಂದ ಪ್ರತಿದಿನ ಬೀಗಿತ್ತಿಗೆ ಫೋನು ಮಾಡುತ್ತಿದ್ದಳಂತೆ. ನಿದ್ದೆಯಿಲ್ಲ, ಒಂದು ಬಾಗಿಲು ಬಡಿದರೂ ಮೇಜಿನ ಕೆಳಗೆ ಹೋಗುತ್ತಾಳೆ. ನನಗೆ ಮಾತ್ರ ಕುಂದಾ, ಕ್ಯಾಪ್ಟನ್, ತಮಾಷೆ. ಅದಕ್ಕಿಂತ ಹೆಚ್ಚಾಗಿ ಅವಳನ್ನು ತಿನ್ನುತ್ತಿದ್ದದ್ದು ಆ ಹೆಸರು. "ಎಲ್ಲಾರೂ ನನಗೋಸ್ಕರ ಕಾಯ್ತಾ ಕೂತಿದಾರೆ ಆಂಟಿ, ನಾನು ಬರೋಕ್ಕಾಗ್ತಿಲ್ಲ, ಅಂತ ಅಳ್ತಾಳೆ ರೀ," ಎಂದರು ವಸುಂಧರಾ. ಫೋನು ಇಟ್ಟಾಗಿತ್ತು. "ಅದಕ್ಕೇ ಕಣ್ರೀ ನಾನು ಫೋನಲ್ಲಿ ಹೇಳಿಸಿ ಅಂತ ಹೊಡ್ಕೊಳ್ಳೋದು. ನನ್ನ ಲಿಸ್ಟಿಗೆ ಬೆಂಕಿ ಹಾಕಿ."

ನಾನು ಅವಳನ್ನು ಎಳೆಯುವ ಹಗ್ಗ ಎಂದುಕೊಂಡದ್ದು ಅವಳ ಕುತ್ತಿಗೆಗೆ ಬಿಗಿಯುತ್ತಿತ್ತು. ಬೀಗಿತ್ತಿ ನನಗೊಂದು ಸ್ಟೂಲು ಎಳೆದು, ಬಿಸಿಬೇಳೆಭಾತಿನ ತಟ್ಟೆಯನ್ನು ಕೈಗೆ ಕೊಟ್ಟರು. ಅಡುಗೆಮನೆಯಲ್ಲೇ ಕೂತು ಇಬ್ಬರೂ ತಿಂದೆವು. ಉಪ್ಪು ಕಡಿಮೆಯೇ ಆಗಿತ್ತು. ನಾನು ಹೇಳಲಿಲ್ಲ.

ವಾಪಸು ಬರುವಾಗ ಕಾರಿನಿಂದಲೇ ಗಿರಿಜಾಳಿಗೆ ಫೋನು ಮಾಡಿದೆ. "ಹೆಸರು ಫೋನಿನಾಗ ಹೇಳಿಬಿಡವ್ವಾ. ನಿನ್ನ ತಲಿ ಮ್ಯಾಲೆ ಅದೊಂದು ಯಾಕ."

"ವಸುಂಧರಾ ಆಂಟಿ ಬಾಯಿ ಬಿಟ್ರೇನು?"

"ಬಾಯಿ ಅಲ್ಲ, ಅಡಗಿಮನಿ ಬಾಗಲಾ ಬಿಟ್ಟಿದ್ರು."

ಬಹಳ ಹೊತ್ತು ಉಸಿರಿನ ಸದ್ದು. ನಾಲ್ಕು ಎಣಿಸುತ್ತಿದ್ದಳೇನೋ. "ಕಡೀ ದಿನದ ತನಕ ನೋಡೂನು. ಆಗೂ ಬರ್ಲಿಕ್ಕೆ ಆಗ್ಲಿಲ್ಲಂದ್ರ ಹೇಳ್ತೇನಿ," ಎಂದಳು.

ನಲವತ್ತೆರಡನೆಯ ದಿನ

ಕಡೆಯ ದಿನವೂ ಏರ್‌ಪೋರ್ಟು ಮುಚ್ಚಿಯೇ ಇತ್ತು. ಬರ್ಮಿಂಗ್‌ಹ್ಯಾಮಿನ ರಿಜಿಸ್ಟರ್ ಆಫೀಸಿಗೆ ನಾವು ಐವರು ಹೋದೆವು: ಶರಣ, ಮಾಯಾ, ಮಗು, ನಾನು, ಬೆಳಗಿನ ಟ್ರೇನು ಹಿಡಿದು ಬಂದ ವಸುಂಧರಾ. ಬೀಗಿತ್ತಿಯೂ ನಾನೂ ರೇಷ್ಮೆ ಸೀರೆ ಉಟ್ಟಿದ್ದೆವು. ಬಾಗಿಲಲ್ಲಿದ್ದವನು ಇವತ್ತು ಮದುವೆಗಳು ಮೇಲಿನ ಮಹಡಿಯಲ್ಲಿ ಎಂದು ನಮ್ಮನ್ನು ಮೆಟ್ಟಿಲು ಹತ್ತಿಸಿದ. ಅಲ್ಲಿ ಮದುಮಗನ ಅಜ್ಜಿಯೊಬ್ಬಳ ಜೊತೆ ಒಂದು ಫೋಟೊ ತೆಗೆಸಿಕೊಂಡು ಕೆಳಗೆ ಇಳಿದೆವು.

ರಿಜಿಸ್ಟ್ರಾರ್ ನಗುಮುಖದ ದಪ್ಪನೆಯ ಹೆಂಗಸು. ನಿಧಾನಕ್ಕೆ ಟೈಪು ಮಾಡುತ್ತ ಒಂದೊಂದೇ ಕೇಳಿದಳು. ಹುಟ್ಟಿದ ದಿನ, ಊರು, ತಂದೆ, ತಾಯಿ. ಇತ್ತ ಶರಣನ ಫೋನಿನಲ್ಲಿ ಬಂದರು ಊರು ತಯಾರಾಗಿತ್ತು. ಗಿರಿಜಾ ಹಸಿರು ಸೀರೆಯಲ್ಲಿ, ತನ್ನ ಆಫೀಸಿನ ಮೇಜಿನ ಮುಂದೆ. ಕಣ್ಣ ಕೆಳಗೆ ಕಪ್ಪು. ಅವಳ ಹಿಂದೆ ತೋಳೇರಿಸಿಕೊಂಡು ನಾಲ್ವರು ಹೆಂಗಸರು. ಮೇಲಿನ ಮನೆಯ ಮಲಯಾಳಿ ನರ್ಸ್ ಸೂಸಿ, ಕ್ಯಾಂಟೀನಿನವಳು, ಲೆಕ್ಕದ ವಿಭಾಗದ ಈಜಿಪ್ಟಿನವಳು, ಇನ್ನೊಬ್ಬಳು ಯಾರೆಂದು ಗಿರಿಜಾಳಿಗೂ ಗೊತ್ತಿರಲಿಲ್ಲ. ಮೇಲಧಿಕಾರಿಯ ಬೆನ್ನಿಗೆ ಗುದ್ದಲು ಅವಕಾಶವಿದೆ ಎಂದು ಕೇಳಿ ಬಂದವಳಂತೆ. ಫೋನು ಹಿಡಿದುಕೊಂಡಿದ್ದದ್ದು ಬೋಳು ತಲೆಯ ಕ್ಯಾಪ್ಟನ್ನು. ಹಿಂದಿನಿಂದ, ಕೈ ಅಲುಗಾಡಿಸಬೇಡ ಎಂದು ಗಡ್ಡದ ಕ್ಯಾಪ್ಟನ್ನು ಬಯ್ಯುತ್ತಿದ್ದುದು ಕೇಳಿಸುತ್ತಿತ್ತು.

"ಫೋರ್‌ನೇಮ್?" ಎಂದಳು ರಿಜಿಸ್ಟ್ರಾರ್.

"ಒಂದು ನಿಮಿಷ," ಎಂದ ಶರಣ. "ನನ್ನ ಅಕ್ಕ ಹೇಳಬೇಕು. ಅವಳು ಬಂದರಿನಲ್ಲಿ ಸಿಕ್ಕಿಬಿದ್ದಿದ್ದಾಳೆ." ಆಮೇಲೆ ಪೂರ್ತಿ ಕಥೆಯನ್ನು ಮೂರು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಹೇಳಿದ. ಬೆನ್ನಿಗೆ ಗುದ್ದುವುದನ್ನು ಬಿಟ್ಟ. ನಾನು ಸೇರಿಸಿದೆ.

ಮಾಯಾ ಫೋನನ್ನು ಮಗುವಿನ ಕಿವಿಗೆ ಹಿಡಿದಳು. ಗಿರಿಜಾ ಮುಂದಕ್ಕೆ ಬಗ್ಗಿದಳು. ಒಂಬತ್ತು ವರ್ಷ ಕಾದವಳ ಮುಖದಲ್ಲಿ ಸಂತೋಷವೇ ಇರಲಿಲ್ಲ. ಕೆಲಸ ಮುಗಿಸುವವರ ಮುಖ ಅದು. ಹಡಗಿಗೆ ರಹದಾರಿ ಕೊಡುವಾಗಲೂ ಅವಳಿಗೆ ಇದಕ್ಕಿಂತ ಕಳೆ ಇರುತ್ತಿತ್ತು.

ಆಗ ರಿಜಿಸ್ಟ್ರಾರ್ ಟೈಪಿಂಗ್ ನಿಲ್ಲಿಸಿ, ತಲೆಯನ್ನೂ ಎತ್ತದೆ, "ನೋ ರಷ್, ಬ್ಯಾಬ್. ಹೆಸರಿನ ಜಾಗ ಖಾಲಿ ಬಿಟ್ಟೂ ರಿಜಿಸ್ಟರ್ ಮಾಡಬಹುದು. ಆಮೇಲೆ ಸೇರಿಸೋದಕ್ಕೆ ಹನ್ನೆರಡು ತಿಂಗಳು ಟೈಮ್ ಇರುತ್ತೆ," ಎಂದಳು.

ನಲವತ್ತೆರಡು ದಿನ, ಹದಿನೇಳು ಗಿಳಿ, ಮೂವತ್ತೊಂದು ಹೆಸರು. ನಾಲ್ಕು ಡಿಗ್ರಿ ಪಡೆದ ನನ್ನ ಮಗ ಇದೊಂದನ್ನು ಯಾರನ್ನೂ ಕೇಳಿರಲಿಲ್ಲ.

"ಮೂವತ್ತು ವರ್ಷ ಈ ದೇಶದಲ್ಲಿ ಜಿಪಿ ಆಗಿದ್ದೆ ಕಣ್ರೀ," ಎಂದರು ವಸುಂಧರಾ, ಸಣ್ಣ ದನಿಯಲ್ಲಿ. "ನಂಗೇ ಗೊತ್ತಿರ್ಲಿಲ್ಲ."

"ಕುರ್ರ್..." ಎಂದಿತು ಫೋನು.

"ಅಕ್ಕಾ, ಸ್ಟಾಪ್!" ಮಾಯಾ ಫೋನನ್ನು ಮಗುವಿನ ಕಿವಿಯಿಂದ ಕಿತ್ತುಕೊಂಡಳು. "ಹೇಳ್ಬೇಡಿ! ಹೇಳ್ಲೇಬೇಡಿ!"

ಅವಳು ಕನ್ನಡದಲ್ಲಿ ಕೂಗಿದಳು. ಶರಣ ಬೆಚ್ಚಿ ಹೆಂಡತಿಯನ್ನು ನೋಡಿದ. ಅತ್ತ ಬಂದರು ಊರಿನಲ್ಲಿ 'ಕುರ್ರ್' ಎಂಬುದೇ ಸಿಗ್ನಲ್ ಎಂದು ಹೇಳಿಕೊಟ್ಟಿದ್ದರಿಂದ ನಾಲ್ವರೂ ಗುದ್ದತೊಡಗಿದ್ದರು. ಸೂಸಿ ಮೆಲ್ಲಗೆ, ಕ್ಯಾಂಟೀನಿನವಳು ಲಯವಾಗಿ, ಯಾರೆಂದು ಗೊತ್ತಿಲ್ಲದವಳು ಎಲ್ಲರಿಗಿಂತ ಜೋರಾಗಿ.

"ಯಾಕ? ಅಯ್ಯೋ! ಏನಾತು? ಬಿಡ್ರೇ! ಇನ್ನಾ ಹೇಳೇ ಇಲ್ಲ!"

"ಒಂದು ವರ್ಷ ಟೈಮ್ ಇದೆ ಅಂತೆ, ಅಕ್ಕಾ," ಎಂದಳು ಮಾಯಾ. ಮಗುವನ್ನು ಎದೆಗೆ ಒತ್ತಿಕೊಂಡಿದ್ದಳು. "ಹೆಸರು ಖಾಲಿ ಬಿಡ್ತೀವಿ. ಯಾರೂ ಅರ್ಜೆಂಟ್ ಮಾಡಲ್ಲ. ನೀವು ಚೆನ್ನಾಗಿ ನಿದ್ದೆ ಮಾಡಿ. ಆಮೇಲೆ ನೀವೇ ಬಂದು ಹೇಳಿ."

ತಾಯಿ ಅವಳು, ಮಾತು ಅವಳದು. ಬೀಗಿತ್ತಿ ನನ್ನ ಕೈ ಹಿಡಿದುಕೊಂಡಿದ್ದರು, ನಾಡಿ ನೋಡುತ್ತಿದ್ದರೋ ಏನೋ.

ಗಿರಿಜಾ ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ಫೋನಿನ ಹತ್ತಿರ ಬಂದಳು. ಕಣ್ಣು ತುಂಬಿತ್ತು, ಮೂಗು ಕೆಂಪಾಗಿತ್ತು. ಹಿಂದಿನಿಂದ ಇನ್ನೂ ಒಂದೆರಡು ಗುದ್ದು ಬೀಳುತ್ತಲೇ ಇದ್ದವು. ಈಜಿಪ್ಟಿನವಳಿಗೆ ಯಾರೂ ನಿಲ್ಲಿಸಲು ಹೇಳಿರಲಿಲ್ಲ.

"ಹನ್ನೆರಡು ತಿಂಗಳಂದ್ರ ಯಾವ ತಾರೀಖಿನ ತನಕ?" ಎಂದಳು. "ಸರಿಯಾಗಿ ಕೇಳು ಅವ್ವಾ. ಹುಟ್ಟಿದ ದಿನದಿಂದೇನು, ಇವತ್ತಿನಿಂದೇನು?"

ಸಿಸ್ಟರ್ ಆಗ್ನೆಸ್ ಕಲಿಸಿದ ಅತ್ಯುತ್ತಮ ಇಂಗ್ಲಿಷಿನಲ್ಲಿ ಕೇಳಿದೆ. ರಿಜಿಸ್ಟ್ರಾರ್ ಮೊದಲ ಸಲ ತಲೆಯೆತ್ತಿ, ಫೋನಿನಲ್ಲಿದ್ದ ಮುಖವನ್ನು ನೋಡಿ, ಇವತ್ತಿನಿಂದ ಎಂದು ನೇರವಾಗಿ ಅವಳಿಗೇ ಹೇಳಿದಳು. ತಾರೀಖನ್ನು ಎರಡು ಸಲ ಬಿಡಿಸಿ ಹೇಳಿದಳು. ಗಿರಿಜಾ ಒಂದು ಹಾಳೆ ಎಳೆದುಕೊಂಡು ಬರೆದುಕೊಂಡಳು. ಬರೆದದ್ದನ್ನು ಮತ್ತೊಮ್ಮೆ ಓದಿದಳು. ಆಮೇಲೆ ಪರದೆಯಿಂದ ಅವಳ ಕೈ ಆಚೆ ಹೋಯಿತು. ಶಾಯಿ ಡಬ್ಬಿಯ ಮುಚ್ಚಳ ತೆಗೆದ ಸದ್ದು, ಬಂದರಿನ ಠಸ್ಸೆಯನ್ನು ಆ ಹಾಳೆಯ ಮೇಲೆ ಗಟ್ಟಿಯಾಗಿ ಒತ್ತಿದ ಸದ್ದು, ಎರಡೂ ನನಗೆ ಬರ್ಮಿಂಗ್‌ಹ್ಯಾಮಿನಲ್ಲಿ ಸ್ಪಷ್ಟವಾಗಿ ಕೇಳಿಸಿದವು.